ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ ಬೆಳ್ಳಿ ಪದಕಗಳು: ಗುರುತು ಹಿಡಿಯುವುದು ಹೇಗೆ, ಬೆಲೆ ಎಷ್ಟು?

ಕರದಂಟು_ಗೋಕಾಕ:

ನಮಸ್ಕಾರ ಎಲ್ಲರಿಗೂ. ಗೋಕಾಕದಲ್ಲಿ ನಮ್ಮ ಅಜ್ಜಿ ಮನೆಯ ಪಾಲು ನಡೆದಿದೆ. ಹೊಲ, ಮನೆ ಎಲ್ಲ ಜಗಳವಿಲ್ಲದೆ ಮುಗಿಯಿತು. ಈಗ ದೇವರ ಕೋಣೆಯಲ್ಲಿದ್ದ ಒಂದು ಹಿತ್ತಾಳೆ ಡಬ್ಬಿಯ ಮುಂದೆ ಎಲ್ಲರೂ ತಲೆ ಕೆರೆದುಕೊಂಡು ಕೂತಿದ್ದೇವೆ. ಒಳಗೆ ಇರುವುದು ಇಷ್ಟು.

ಮೊದಲನೆಯದು, ರಾಜ ರಾಣಿ ಇಬ್ಬರ ಮುಖ ಇರುವ ಬಿಲ್ಲೆ, 1910–1935 ಅಂತ ಇದೆ, ಮೇಲೆ ಒಂದು ತೂತು. ಬೂದು ಬಣ್ಣ.

ಎರಡನೆಯದು ನಮ್ಮ ಕಡೆಯದೇ. ಒಂದು ಬದಿ ಎತ್ತಿನ ಜೋಡಿ ಮತ್ತು ನೇಗಿಲು, ಇನ್ನೊಂದು ಬದಿ ಕನ್ನಡದಲ್ಲಿ ಒಂದು ಸಹಕಾರಿ ಸಂಘದ ಹೆಸರು (ಸಂಘ ಈಗಲೂ ನಡೆಯುತ್ತಿದೆ, ಹೆಸರು ಬೇಡ), ಊರು, 'ಮೈಸೂರು ರಾಜ್ಯ', ಕೆಳಗೆ 'ಬೆಳ್ಳಿ ಹಬ್ಬ'. ಇಸವಿ ಇಲ್ಲ. ಯಾರು ಮಾಡಿದ್ದು ಅಂತಲೂ ಇಲ್ಲ.

ಮೂರನೆಯದು ಏಳು ಪದಕ, ಕನ್ನಡಿಯ ಹಾಗೆ ಹೊಳೆಯುತ್ತವೆ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ತಂದದ್ದು. ಅಂಚಿನ ಮೇಲೆ ಇಂಗ್ಲಿಷಿನಲ್ಲಿ ಫ್ರಾಂಕ್ಲಿನ್ ಮಿಂಟ್, ಸ್ಟರ್ಲಿಂಗ್ ಅಂತ ಸಣ್ಣಗೆ ಕೆತ್ತಿದೆ.

ನಾಲ್ಕನೆಯದು ರಾಮ ಪಟ್ಟಾಭಿಷೇಕದ ಬಿಲ್ಲೆ, 1740 ಅಂತ ಇಸವಿ. ಐದನೆಯದು ಗಾಂಧೀಜಿ ಮುಖ, 1869–1948.

ಅಣ್ಣ ಹೇಳುವುದು, ಎಲ್ಲ ತೂಗಿ ಮಾರಿಬಿಡೋಣ, ದುಡ್ಡು ಹಂಚಿಕೊಳ್ಳೋಣ ಅಂತ. ಬೆಳಗಾವಿಯ ಒಂದು ಅಂಗಡಿಗೆ ಒಯ್ದೆವು. ಅವರು ಕೈಯಲ್ಲಿ ಹಿಡಿದು ನೋಡಿ, ಯಾವ ಮಷಿನ್ನಿಗೂ ಇಡದೆ, 'ಎಲ್ಲಾ ಅರವತ್ತು ಟಂಚ್' ಅಂದರು. ನನಗೆ ಯಾಕೋ ಸರಿ ಅನಿಸಲಿಲ್ಲ, ವಾಪಸ್ ತಂದೆ. ಇವುಗಳ ಗುರುತು ಹಿಡಿಯುವುದು ಹೇಗೆ? ಬೆಳ್ಳಿ ಬೆಲೆಗಿಂತ ಜಾಸ್ತಿ ಏನಾದರೂ ಬರುತ್ತದಾ?

ಸರಾಫಗಲ್ಲಿ_ಶಹಾಪುರ:

ವಾಪಸ್ ತಂದದ್ದು ಒಳ್ಳೆಯದಾಯಿತು. ನಾನು ಇದೇ ಧಂದೆಯಲ್ಲಿ ಇರುವವನು, ಆದ್ದರಿಂದ ನಮ್ಮವರ ಲೆಕ್ಕ ಹೇಗೆ ಅಂತ ಬಿಚ್ಚಿ ಹೇಳುತ್ತೇನೆ.

ಟಂಚ್ ಅಂದರೆ ನೂರಕ್ಕೆ ಎಷ್ಟು ಪಾಲು ಬೆಳ್ಳಿ ಅನ್ನೋದು. ಸ್ಟರ್ಲಿಂಗ್ ಅಂದರೆ 92.5. ನಿಮ್ಮ ಮಾವನ ಪದಕ ಒಂದು 26.1 ಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಶುದ್ಧ ಬೆಳ್ಳಿ 24.14 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ ಹಿಡಿದರೆ 2414 ರೂಪಾಯಿ. ಅದನ್ನೇ ಅರವತ್ತು ಟಂಚ್ ಅಂತ ಕೊಂಡರೆ 1566. ಒಂದು ಪದಕಕ್ಕೆ 848 ರೂಪಾಯಿ ನಿಮ್ಮ ಜೇಬಿನಿಂದ ಹೋಯಿತು, ಏಳಕ್ಕೆ ಸುಮಾರು ಆರು ಸಾವಿರ. ಬೆಳ್ಳಿ ದರ ಏರಿದಷ್ಟೂ ಈ ಅಂತರ ದೊಡ್ಡದು. ಕರಗಿಸುವ ಖರ್ಚು, ಕರಗಿಸುವಾಗ ಹೋಗುವ ತೂಕ, ನಮ್ಮ ಲಾಭ ಅಂತ ಸ್ವಲ್ಪ ಕಡಿತ ಇದ್ದೇ ಇರುತ್ತದೆ, ಅದು ನ್ಯಾಯ. ಆದರೆ ಆ ಕಡಿತ ಎಷ್ಟು ಅಂತ ಬಾಯಿಬಿಟ್ಟು ಹೇಳಬೇಕು, ಟಂಚ್ ಕಡಿಮೆ ತೋರಿಸಿ ಅದರೊಳಗೆ ಮುಚ್ಚಿಡಬಾರದು.

ಈಗ ಸುಮಾರು ದೊಡ್ಡ ಅಂಗಡಿಗಳಲ್ಲಿ ಎಕ್ಸ್‌ರೇ ಮಷಿನ್ ಇದೆ. ನಿಮಿಷದೊಳಗೆ ಚೀಟಿ ಬರುತ್ತದೆ, ಪದಕಕ್ಕೆ ಒಂದು ಗೀರೂ ಬೀಳುವುದಿಲ್ಲ. ಒಂದು ಮಾತು ನೆನಪಿಡಿ. ಆ ಮಷಿನ್ ನೋಡುವುದು ಮೇಲ್ಪದರವನ್ನು ಮಾತ್ರ. ಒಳಗೆ ತಾಮ್ರ ಇಟ್ಟು ಮೇಲೆ ದಪ್ಪಗೆ ಬೆಳ್ಳಿ ಏರಿಸಿದ್ದರೆ ಅದಕ್ಕೂ ಒಳ್ಳೆ ನಂಬರು ಕೊಟ್ಟುಬಿಡುತ್ತದೆ. ಹಳೆಯ ಕ್ರಮ ಎಂದರೆ ಅಂಚನ್ನು ಅರದಿಂದ ಉಜ್ಜಿ ಆಸಿಡ್ ಹನಿ ಹಾಕುವುದು. ಗೆಜ್ಜೆ, ಕಾಲುಂಗುರಕ್ಕೆ ಅದು ನಡೆಯುತ್ತದೆ. ಪದಕಕ್ಕೆ ಬೇಡವೇ ಬೇಡ. ಅಂಚಿನ ಮೇಲೆಯೇ ಅಕ್ಷರ, ಮುದ್ರೆ ಇರುವುದು, ಅದನ್ನೇ ಉಜ್ಜಿದರೆ ಗುರುತೇ ಹೋಯಿತು.

ಅದಕ್ಕೆ ಮನೆಯಲ್ಲೇ ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಡುಗೆ ಮನೆಯ ತಕ್ಕಡಿ ಸಾಲುವುದಿಲ್ಲ. ಮೊದಲು ಪದಕವನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಪದಕವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ಇಳಿಬಿಡಿ. ಗಾಳಿ ಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆಗ ತಕ್ಕಡಿ ಏನು ತೋರಿಸುತ್ತದೋ ಅದರಿಂದ ಒಣ ತೂಕವನ್ನು ಭಾಗಿಸಿ. ಶುದ್ಧ ಬೆಳ್ಳಿಗೆ 10.49 ಬರಬೇಕು. ಸ್ಟರ್ಲಿಂಗಿಗೆ 10.36 ಆಸುಪಾಸು, 80 ಟಂಚಿಗೆ 10.14, 50 ಟಂಚಿಗೆ 9.67. ತಾಮ್ರ 8.96. ಜರ್ಮನ್ ಸಿಲ್ವರ್ 8.4ರಿಂದ 8.9ರವರೆಗೆ, ಅದರಲ್ಲಿ ಬೆಳ್ಳಿ ಚೂರೂ ಇರುವುದಿಲ್ಲ, ತಾಮ್ರ, ಸತು, ನಿಕ್ಕಲ್ ಅಷ್ಟೇ.

ಮಷಿನ್ ಚೀಟಿಯೂ ನೀರಿನ ಲೆಕ್ಕವೂ ಒಂದಕ್ಕೊಂದು ಹೊಂದಿದರೆ ಮುಗಿಯಿತು, ಯಾರೂ ನಿಮಗೆ ಅರವತ್ತು ಅಂತ ಹೇಳಲು ಆಗುವುದಿಲ್ಲ. ತೂಕಕ್ಕೆ ಕೊಟ್ಟ ಮಾಲು ಕೊನೆಗೆ ಹೋಗುವುದು ಕರಗುವ ಮೂಸೆಗೆ. ನಿಪ್ಪಾಣಿ ದಾಟಿದರೆ ಹುಪರಿ ಇದೆ, ಬೆಳ್ಳಿ ಗೆಜ್ಜೆಗೆ ಹೆಸರಾದ ಊರು. ನಿಮ್ಮ ಎತ್ತಿನ ಜೋಡಿ ಅಲ್ಲಿ ಯಾರದೋ ಮಗಳ ಗೆಜ್ಜೆಯಾಗಬಹುದು, ಅಷ್ಟೇ.

ಲಾರಿ_ವಿಜಯಪುರ:

ಮೇಲಿನವರು ಲೋಹದ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಗುರುತಿನ ಬಗ್ಗೆ ಹೇಳುತ್ತೇನೆ. (ನನ್ನ ಹೆಸರು ನೋಡಿ ಟ್ರಕ್ ಓಡಿಸುತ್ತೀರಾ ಅಂತ ಕೇಳುವವರು ಇದ್ದಾರೆ. ಅಲ್ಲ, ಆದಿಲ್‌ಶಾಹಿ ಕಾಲದ ಲಾರಿ ಅಂತ ಬೆಳ್ಳಿ ನಾಣ್ಯ ಇತ್ತು, ಎರಡನೇ ಅಲಿ ಆದಿಲ್‌ಶಾಹ ಹೊರಡಿಸಿದ್ದು. ಬೆಳ್ಳಿ ತಂತಿಯನ್ನು ಮಡಚಿ ಮೇಲೆ ಮುದ್ರೆ ಒತ್ತಿದ್ದು, ನೋಡಿದರೆ ನಾಣ್ಯ ಅಂತಲೇ ಅನಿಸುವುದಿಲ್ಲ.)

ಮೊದಲು ಗಾಂಧೀಜಿಯದು ಬದಿಗಿಡಿ, ಅದು ಪದಕವೇ ಅಲ್ಲ. ಹಿಂಬದಿ ತಿರುಗಿಸಿ ನೋಡಿ, ಅಶೋಕ ಸ್ತಂಭದ ಸಿಂಹ ಮತ್ತು 10 ರೂಪಾಯಿ ಅಂತ ಇರಬೇಕು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಭಾರತ ಸರ್ಕಾರ ಹೊರಡಿಸಿದ ನಾಣ್ಯ ಅದು. 15 ಗ್ರಾಂ, 80 ಟಂಚ್, ಅಂದರೆ ಶುದ್ಧ ಬೆಳ್ಳಿ 12 ಗ್ರಾಂ. ಅದರ ಮೇಲೆ 1969 ಅಂತ ಎಲ್ಲೂ ಇಲ್ಲ, ಹುಟ್ಟು ಸಾವಿನ ಇಸವಿ ಮಾತ್ರ ಇದೆ, ಹಾಗಾಗಿ ಜನ ಪದಕ ಅಂದುಕೊಳ್ಳುತ್ತಾರೆ. ಲಕ್ಷಗಟ್ಟಲೆ ಮನೆಗಳಲ್ಲಿ ಇರುವಂಥದ್ದು, ಹಾಗಾಗಿ ಬೆಳ್ಳಿ ಬೆಲೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ನಿಮಗೆ ಅದರಿಂದ ಬೇರೆ ಒಂದು ಉಪಯೋಗ ಇದೆ. ನೀರಿನ ಪರೀಕ್ಷೆಯನ್ನು ಮೊದಲು ಅದರ ಮೇಲೆ ಮಾಡಿ. ಅದು ಎಷ್ಟು ಬರಬೇಕು ಅಂತ ಗೊತ್ತೇ ಇದೆಯಲ್ಲ, 10.14. ಅಷ್ಟು ಬಂದರೆ ನಿಮ್ಮ ತಕ್ಕಡಿಯೂ ಕೈಯೂ ಸರಿ ಇದೆ ಅಂತ.

ಪದಕಕ್ಕೂ ನಾಣ್ಯಕ್ಕೂ ವ್ಯತ್ಯಾಸ ಇಷ್ಟೇ. ಮುಖಬೆಲೆ ಇದ್ದು ಸರ್ಕಾರದ ಹೆಸರು ಇದ್ದರೆ ನಾಣ್ಯ. ಸಂಘ, ಕಂಪನಿ, ಮಠ, ಸರಾಫರು, ಯಾರು ಬೇಕಾದರೂ ದುಡ್ಡು ಕೊಟ್ಟು ಹೊಡೆಸಿದ್ದು ಪದಕ. ನಾಣ್ಯಕ್ಕೆ ಪಟ್ಟಿ ಇರುತ್ತದೆ, ಎಷ್ಟು ಹೊಡೆದರು ಅನ್ನೋದಕ್ಕೆ ಸರ್ಕಾರದ ದಾಖಲೆ ಇರುತ್ತದೆ. ಖಾಸಗಿ ಪದಕಕ್ಕೆ ಇದು ಯಾವುದೂ ಇಲ್ಲ, ಅದರ ಮೈಮೇಲೆ ಇರುವುದನ್ನೇ ಓದಬೇಕು. ಅದಕ್ಕೇ ನನಗೆ ಪದಕ ಅಂದರೆ ಜಾಸ್ತಿ ಪ್ರೀತಿ.

ನಿಮ್ಮ ಎತ್ತಿನ ಜೋಡಿಯನ್ನು ತೆಗೆದುಕೊಳ್ಳಿ. ಇಸವಿ ಇಲ್ಲ ಅಂದಿರಿ, ಆದರೆ 'ಮೈಸೂರು ರಾಜ್ಯ' ಅಂತ ಇದೆ. 1956ರ ನವೆಂಬರ್ 1ಕ್ಕಿಂತ ಮುಂಚೆ ನಮ್ಮ ಬೆಳಗಾವಿ, ವಿಜಯಪುರ ಎಲ್ಲ ಮುಂಬಯಿ ರಾಜ್ಯದಲ್ಲಿ ಇದ್ದವು. 1973ರ ನವೆಂಬರ್ 1ರಿಂದ ಕರ್ನಾಟಕ ಆಯಿತು. ಅಂದರೆ ಪದಕ ಈ ಎರಡರ ನಡುವಿನ 17 ವರ್ಷದ್ದು. ಬೆಳ್ಳಿ ಹಬ್ಬ ಅಂದಮೇಲೆ 25 ವರ್ಷ ಹಿಂದಕ್ಕೆ ಹೋಗಿ, ಸಂಘ ಹುಟ್ಟಿದ್ದು 1931ರಿಂದ 1948ರ ಒಳಗೆ. ಸಂಘ ಈಗಲೂ ಇದೆಯಲ್ಲ, ಅವರ ಪಾವತಿ ಪುಸ್ತಕದ ಮೇಲೋ ಬೋರ್ಡಿನ ಮೇಲೋ ಸ್ಥಾಪನೆಯ ಇಸವಿ ಇದ್ದೇ ಇರುತ್ತದೆ. ಅದಕ್ಕೆ 25 ಕೂಡಿಸಿದರೆ ಪದಕದ ಇಸವಿ ಸಿಕ್ಕಿತು. ಆ ವರ್ಷದ ವಾರ್ಷಿಕ ವರದಿ ಹಳೆಯ ಕಪಾಟಿನಲ್ಲಿ ಉಳಿದಿದ್ದರೆ ಎಷ್ಟು ಪದಕ, ಯಾರಿಗೆ, ಎಷ್ಟು ಖರ್ಚು ಅನ್ನೋದು ಸಿಕ್ಕೀತು. ಅಂಥ ಒಂದು ಪುಟದ ಫೋಟೊ ಇದ್ದರೆ ಕೊಳ್ಳುವವನ ಮುಖವೇ ಬೇರೆ ಆಗುತ್ತದೆ.

ತೂಕವೂ ಕಾಲ ಹೇಳುತ್ತದೆ. ಹಳೆಯ ತೊಲ ಅಂದರೆ 11.66 ಗ್ರಾಂ, ಬ್ರಿಟಿಷ್ ರೂಪಾಯಿಯ ತೂಕವೂ ಅದೇ. ಈಗ ನಾವು ತೊಲ ಅಂದರೆ ಹತ್ತು ಗ್ರಾಂ ಅಂತ ಹಿಡಿಯುತ್ತೇವೆ, ಅದು ಗ್ರಾಂ ಬಂದ ಮೇಲಿನ ರೂಢಿ. ಗ್ರಾಂ ಕಿಲೊಗೆ ಕಾಯಿದೆ ಆದದ್ದು 1956ರಲ್ಲಿ, ಊರೂರಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಹಾಗಾಗಿ ಪದಕ 11.6 ಅಥವಾ 23.3 ಗ್ರಾಂ ಆಸುಪಾಸು ಬಂದರೆ ತೊಲದ ಲೆಕ್ಕದಲ್ಲಿ ಮಾಡಿದ್ದು, 17 ವರ್ಷದ ಮೊದಲ ಭಾಗಕ್ಕೆ ಸೇರಿರುವ ಸಾಧ್ಯತೆ ಜಾಸ್ತಿ. 20, 25 ಅಂತ ಸರಿಯಾದ ಗ್ರಾಂ ಬಂದರೆ ನಂತರದ್ದು.

ರಾಜ ರಾಣಿ ಅಂದರೆ ಐದನೇ ಜಾರ್ಜ್ ಮತ್ತು ಮೇರಿ, ಪಟ್ಟಕ್ಕೆ ಬಂದು 25 ವರ್ಷ ಆದದ್ದಕ್ಕೆ. ಸರ್ಕಾರ ಕೊಟ್ಟ ಅಸಲಿ ಪದಕ ಬೆಳ್ಳಿಯದು, ರಿಬ್ಬನ್ನಿಗೆ ಬಳೆ ಇರುತ್ತದೆ, ಹಿಂಬದಿ ರಾಜಮುದ್ರೆಯ ಅಕ್ಷರಗಳ ಜೊತೆ ಮೇ 6, 1910 ಮತ್ತು ಮೇ 6, 1935 ಎರಡೂ ತಾರೀಖು ಇರುತ್ತವೆ. ನಿಮ್ಮದಕ್ಕೆ ಬರೀ ತೂತು ಇದೆ ಅಂದರೆ ಅದು ಆಗ ಶಾಲೆ ಮಕ್ಕಳಿಗೆ, ಊರಿನ ಸಮಾರಂಭಗಳಲ್ಲಿ ಹಂಚಿದ ಅಗ್ಗದ ಬಿಲ್ಲೆ ಇರಬೇಕು. ಇಂಥವು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹಂಚಿದ್ದರು.

ರಾಮ ಪಟ್ಟಾಭಿಷೇಕದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಹಳೆಯ ರಾಮಟಂಕ ಅಂತ ನಿಜವಾದದ್ದು ಇದೆ, ಪೂಜೆಗೆ ಅಂತ ಮಾಡಿದ್ದು, ಚೆನ್ನಾಗಿಯೇ ಬೆಲೆ ಇದೆ. ಆದರೆ 1740 ಅಂತ ಇಂಗ್ಲಿಷ್ ಅಂಕಿ ಹಾಕಿದ್ದು ಈಚಿನ ಕಾಲದ ಜಾತ್ರೆ ಮಾಲು. 1818 ಅಂತ ಬರೆದು ಹನುಮಂತನ ಚಿತ್ರ ಹಾಕಿದ ಈಸ್ಟ್ ಇಂಡಿಯಾ ಕಂಪನಿ ಆಣೆಯೂ ಅದೇ ಜಾತಿ, ಅಂಥ ನಾಣ್ಯವನ್ನು ಕಂಪನಿ ಹೊರಡಿಸಲೇ ಇಲ್ಲ.

ಲಕ್ಕಿ_ಬಾಗಲಕೋಟೆ:

ಅಯ್ಯೋ 1740ರದ್ದು ಸುಮ್ನೆ ಬಿಡಬೇಡಿ!! ನನ್ನ ಫ್ರೆಂಡಿಗೆ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು, ರಾಮನ ನಾಣ್ಯಕ್ಕೆ ಐದು ಲಕ್ಷದಿಂದ ಹನ್ನೊಂದು ಲಕ್ಷದವರೆಗೆ ಕೊಡುತ್ತಾರಂತೆ. ಫೋಟೊ ಕಳಿಸಿ, ನೋಂದಣಿ ಮಾಡಿಸಿದರೆ ಮನೆಗೇ ಬಂದು ದುಡ್ಡು ಕೊಡುತ್ತಾರಂತೆ.

ಲಾರಿ_ವಿಜಯಪುರ:

ನೋಂದಣಿ ಫೀ ಎಷ್ಟು ಕೇಳಿದರು ಅಂತ ಫ್ರೆಂಡನ್ನು ಕೇಳಿ ನೋಡಿ. ಮೊದಲು ನೋಂದಣಿ, ಆಮೇಲೆ ತೆರಿಗೆ, ಆಮೇಲೆ ಕೊರಿಯರ್ ವಿಮೆ, ಹೀಗೆ ನಿಮ್ಮ ಕೈಯಿಂದಲೇ ಎಳೆಯುತ್ತಾರೆ. ಇದು ಎಷ್ಟು ಹಬ್ಬಿತ್ತು ಅಂದರೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು, ಹಳೆ ನೋಟು ನಾಣ್ಯ ಕೊಳ್ಳುವುದಕ್ಕೆ ನಾವು ಯಾರಿಗೂ ಅಧಿಕಾರ ಕೊಟ್ಟಿಲ್ಲ, ಯಾವ ಫೀಸನ್ನೂ ಕೇಳುವುದಿಲ್ಲ ಅಂತ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮ ಹತ್ತಿರ ಕೇಳಬಾರದು.

ಅಥಣಿ_ಮುಂಬಯಿ:

ಫ್ರಾಂಕ್ಲಿನ್ ಮಿಂಟಿನ ಬಗ್ಗೆ ನಾನು ಹೇಳುತ್ತೇನೆ, ನನ್ನ ಹತ್ತಿರವೂ ಒಂದಿಷ್ಟು ಇವೆ.

ಇದು ಅಮೆರಿಕದ ಪೆನ್ಸಿಲ್ವೇನಿಯಾದ ಖಾಸಗಿ ಕಂಪನಿ, ಜೋಸೆಫ್ ಸೀಗಲ್ ಅನ್ನುವವರು 1964ರಲ್ಲಿ ಶುರು ಮಾಡಿದ್ದು. ಮಿಂಟ್ ಅಂತ ಹೆಸರಿದೆ ಅಂತ ಸರ್ಕಾರಿ ಟಂಕಸಾಲೆ ಅಂದುಕೊಳ್ಳಬೇಡಿ. ಚಂದಾ ಕಟ್ಟಿಸಿಕೊಂಡು ತಿಂಗಳಿಗೆ ಒಂದರಂತೆ ಪದಕ ಕಳಿಸುತ್ತಿದ್ದರು. ಅಮೆರಿಕದ ಇತಿಹಾಸ, ಅಧ್ಯಕ್ಷರು, ಮೈಕೆಲೆಂಜಲೊ, ಹಡಗುಗಳು, ಏನು ಬೇಕಾದರೂ ಸರಣಿ ಇತ್ತು. ಕೆಲವು ಸರಣಿ ಅರವತ್ತು, ನೂರು ಪದಕದ್ದು. ಲಂಡನ್ನಿನ ಜಾನ್ ಪಿಂಚಸ್ ಅನ್ನುವ ಹಳೆಯ ಪದಕ ತಯಾರಕರನ್ನೂ ಇವರೇ ಕೊಂಡರು. ಹೊಳಪು ನೋಡಿ, ಹಿನ್ನೆಲೆ ಕನ್ನಡಿ, ಚಿತ್ರ ಮಾತ್ರ ಮಂಜು ಮಂಜು. ಕೆಲಸ ನಿಜಕ್ಕೂ ಚಲೋ, ಅದರಲ್ಲಿ ಎರಡು ಮಾತಿಲ್ಲ.

ಬೆಲೆ ವಿಷಯಕ್ಕೆ ಬಂದರೆ ಬೇಜಾರಾಗಬಹುದು. ಆಗ ಕೊಂಡವರು ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಕೊಟ್ಟಿದ್ದರು. ಮಾರಲು ಹೋದಾಗ ಬರೀ ಬೆಳ್ಳಿ ಬೆಲೆ ಬಂತು. 1978ರಲ್ಲಿ ಅಲ್ಲಿನ ಒಂದು ದೊಡ್ಡ ಟಿವಿ ಕಾರ್ಯಕ್ರಮ ಇದನ್ನೇ ಹೊರಗೆಳೆದು ತೋರಿಸಿತ್ತು. ಆಮೇಲೆ 1980ರ ಜನವರಿಯಲ್ಲಿ ಅಮೆರಿಕದ ಶ್ರೀಮಂತರಾದ ಹಂಟ್ ಸಹೋದರರ ಸಟ್ಟಾದಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋಯಿತಲ್ಲ, ಆಗ ಜನ ಈ ಪದಕಗಳನ್ನು ಮೂಟೆಗಟ್ಟಲೆ ಕರಗಿಸಿದರು. ಅಷ್ಟು ಕರಗಿದರೂ ಉಳಿದದ್ದೇ ಇನ್ನೂ ಬೇಕಾದಷ್ಟಿದೆ.

ಆದ್ದರಿಂದ ಬಿಡಿ ಬಿಡಿಯಾಗಿ ಏಳು ಪದಕಕ್ಕೆ ಸ್ಟರ್ಲಿಂಗ್ ತೂಕದ ಬೆಲೆ ಅಂತ ಹಿಡಿಯಿರಿ. ಪೂರ್ತಿ ಸರಣಿ, ಅವರದೇ ಆಲ್ಬಮ್, ಸರ್ಟಿಫಿಕೇಟ್ ಸಮೇತ ಇದ್ದರೆ ಸ್ವಲ್ಪ ಮೇಲೆ. ಎರಡು ವಿಷಯ ಪರೀಕ್ಷಿಸಿ. ಕೆಲವು ವಿನ್ಯಾಸವನ್ನು ಅವರು ಕಂಚಿನಲ್ಲೂ ಮಾಡಿದ್ದಾರೆ, ಹಾಗಾಗಿ ಏಳೂ ಪದಕದ ಅಂಚನ್ನು ಒಂದೊಂದಾಗಿ ಓದಿ, ಒಂದರ ಮೇಲೆ ಸ್ಟರ್ಲಿಂಗ್ ಇದ್ದರೆ ಎಲ್ಲದರ ಮೇಲೂ ಇದೆ ಅಂತಲ್ಲ. ಇನ್ನೊಂದು, ಹಳದಿ ಹೊಳಪಿದ್ದರೆ ಅದು ಬೆಳ್ಳಿಯ ಮೇಲೆ ತೆಳುವಾಗಿ ಏರಿಸಿದ ಚಿನ್ನ, ಚಿನ್ನದ ಬೆಲೆ ಕೇಳಲು ಹೋಗಬೇಡಿ. ದೇಶದ ಹೆಸರು, ಮುಖಬೆಲೆ ಇರುವುದು ಏನಾದರೂ ಸಿಕ್ಕರೆ ಅದು ನಾಣ್ಯ, ಪನಾಮಾದಂಥ ದೇಶಗಳಿಗೆ ಇದೇ ಕಂಪನಿ ನಾಣ್ಯವನ್ನೂ ಹೊಡೆದುಕೊಟ್ಟಿದೆ.

ಬೇರೆ ದೇಶದ ಪದಕ ಕೈಗೆ ಬಂದರೆ ಅಂಚಿನ ಮುದ್ರೆ ನೋಡುವುದು ರೂಢಿ ಮಾಡಿಕೊಳ್ಳಿ. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆ ತಲೆ ಇದ್ದರೆ ಲಂಡನ್. ಹಣ್ಣು ತುಂಬಿದ ಕೊಂಬಿನ ಗುರುತು ಮತ್ತು ಲೋಹದ ಹೆಸರು ಇದ್ದರೆ ಪ್ಯಾರಿಸ್ಸಿನ ಟಂಕಸಾಲೆ, 1880ರಿಂದ ಈಚೆಗೆ. ಇ.ಪಿ.ಎನ್.ಎಸ್. ಅಂತ ಇದ್ದರೆ ಮಾತ್ರ ಕೆಳಗಿಟ್ಟುಬಿಡಿ, ಅದು ಜರ್ಮನ್ ಸಿಲ್ವರ್ ಮೇಲೆ ಬೆಳ್ಳಿ ನೀರು. ನಮ್ಮ ದೇಶದ ಹಳೆ ಪದಕದ ಮೇಲೆ ಹಾಲ್‌ಮಾರ್ಕ್ ಹುಡುಕಬೇಡಿ, ಬೆಳ್ಳಿಗೆ ಅದು ಇಲ್ಲಿ ಶುರುವಾಗಿದ್ದೇ 2005ರಲ್ಲಿ.

ಕರದಂಟು_ಗೋಕಾಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಕ್ಕಡಿ ತರಿಸಿ ನೀರಿನ ಪರೀಕ್ಷೆ ಮಾಡಿದೆ, ಅಣ್ಣನೂ ಪಕ್ಕದಲ್ಲೇ ಕೂತು ನೋಡಿದ.

ಗಾಂಧೀಜಿ: 15.00 ಗ್ರಾಂ, ನೀರಿನಲ್ಲಿ 1.48. ಭಾಗಿಸಿದರೆ 10.14. ಲಾರಿಯವರು ಹೇಳಿದ್ದೇ ಬಂತು! ಫ್ರಾಂಕ್ಲಿನ್ ಒಂದನ್ನು ಹಾಕಿದೆ, ವಿಚಿತ್ರ ಅಂದರೆ ಅದು ನಿಜಕ್ಕೂ 26.1 ಗ್ರಾಂ ಹತ್ತಿರವೇ ಇದೆ, 26.08. ನೀರಿನಲ್ಲಿ 2.52, ಅಂದರೆ 10.35. ಏಳರಲ್ಲಿ ಒಂದರ ಅಂಚಿನ ಮೇಲೆ ಸ್ಟರ್ಲಿಂಗ್ ಇಲ್ಲ, ಅದಕ್ಕೆ 8.9 ಬಂತು. ಕಂಚು ಅಂತ ಕಾಣುತ್ತದೆ. ರಾಜ ರಾಣಿ 14.20 ಗ್ರಾಂ, ನೀರಿನಲ್ಲಿ 1.93, ಬಂದದ್ದು 7.36. ಇದು ಏನು ಲೋಹ? ರಾಮನದು 8.58. ಎತ್ತಿನ ಜೋಡಿ 23.32 ಗ್ರಾಂ, ನೀರಿನಲ್ಲಿ 2.27, ಅಂದರೆ 10.27.

23.32! ಸರಿಯಾಗಿ ಎರಡು ತೊಲ, ಅಲ್ವಾ? ಸಂಘಕ್ಕೆ ಫೋನ್ ಮಾಡಿದರೆ ಅಲ್ಲಿನವರು ಸ್ಥಾಪನೆ 1934 ಅಂದರು. ಅಂದರೆ 1959. ವರದಿ ಪುಸ್ತಕ ನೋಡಬೇಕು, ಬನ್ನಿ ಅಂತ ಕರೆದಿದ್ದಾರೆ.

ಇನ್ನೊಂದು ಪ್ರಶ್ನೆ. ಎತ್ತಿನ ಜೋಡಿಯ ಅಕ್ಷರಗಳ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿದೆ, ನೇಗಿಲಿನ ಗೆರೆ ಕಾಣುವುದೇ ಇಲ್ಲ. ಬೆಳ್ಳಿಯೂ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಲಾ? ಅಥವಾ ಪಾಲಿಶ್ ಮಾಡಿಸಲಾ?

ಸರಾಫಗಲ್ಲಿ_ಶಹಾಪುರ:

7.36 ಅಂದರೆ ತವರ ಜಾಸ್ತಿ ಇರುವ ಮಿಶ್ರಲೋಹ, ಬೆಳ್ಳಿ ಅಲ್ಲ. ರಾಮನದು ಜರ್ಮನ್ ಸಿಲ್ವರೋ ಬಿಳಿ ಬಣ್ಣ ಹಾಕಿದ ಹಿತ್ತಾಳೆಯೋ. ಎತ್ತಿನ ಜೋಡಿ 85ರಿಂದ 90 ಟಂಚ್ ಒಳಗೆ ಬರುತ್ತದೆ. ನೀರಿನ ಓದು 0.01 ಆಚೀಚೆ ಆದರೂ ಲೆಕ್ಕ ಇಷ್ಟು ಅಲುಗಾಡುತ್ತದೆ, ಸರಿಯಾದ ಅಂಕಿ ಬೇಕಾದರೆ ಮಷಿನ್ನಿಗೆ ಇಡಿಸಿ. ಹಳೆ ರೂಪಾಯಿಗಳನ್ನು ಕರಗಿಸಿ ಮಾಡಿದ್ದರೂ ಇರಬಹುದು, 1940ಕ್ಕಿಂತ ಮುಂಚಿನ ಬೆಳ್ಳಿ ರೂಪಾಯಿ 91.7 ಟಂಚ್ ಇತ್ತು. ಇದು ನನ್ನ ಊಹೆ ಅಷ್ಟೇ, ಯಾರೂ ಬರೆದಿಟ್ಟುಕೊಳ್ಳಬೇಡಿ.

ಪಾಲಿಶ್ ಅಂಗಡಿಗೆ ಕೊಡಬೇಡಿ. ಬಫ್ ಚಕ್ರ ಒಂದು ಸಲ ತಿರುಗಿದರೆ ಎತ್ತಿನ ಕೊಂಬು ಮೂಗು ಎಲ್ಲ ಸಪಾಟು.

ಇಳಕಲ್_ಅಕ್ಕ:

ಹುಣಸೆಹಣ್ಣು ಬೇಡ ತಮ್ಮಾ! ವಿಭೂತಿ, ಟೂತ್‌ಪೇಸ್ಟ್, ರಂಗೋಲಿ ಪುಡಿ ಯಾವುದೂ ಬೇಡ. ದಿನಾ ತಿಕ್ಕುವ ಪೂಜೆ ತಟ್ಟೆಗೆ ಅದು ಸರಿ. ಪದಕದ ಮೇಲೆ ಕಣ್ಣಿಗೆ ಕಾಣದ ಗೀರು ಸಾವಿರ ಬೀಳುತ್ತವೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಆ ಕಪ್ಪು ಬೆಳ್ಳಿಗೂ ಗಾಳಿಯಲ್ಲಿನ ಗಂಧಕಕ್ಕೂ ಕೂಡಿ ಆದದ್ದು, ಅದು ಇದ್ದರೆ ಹಳೆಯದು ಅಂತ ನಂಬಿಕೆ, ಅದರಿಂದ ಬೆಲೆ ಇಳಿಯುವುದಿಲ್ಲ.

ಕುಂಕುಮ ಮಾತ್ರ ತೆಗೆಯಬಹುದು, ನಾನು ನಮ್ಮ ಮನೆಯ ಲಕ್ಷ್ಮೀ ಬಿಲ್ಲೆಗಳಿಗೆ ಮಾಡುವುದು ಹೀಗೆ. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಬಿದಿರಿನ ಹಲ್ಲುಕಡ್ಡಿಯನ್ನು ನೀರಿನಲ್ಲಿ ಮೆತ್ತಗೆ ಮಾಡಿ, ಅಕ್ಷರದ ಸಂದಿಯಿಂದ ಕುಂಕುಮವನ್ನು ಎತ್ತಿ ತೆಗೆಯಿರಿ, ಉಜ್ಜಬೇಡಿ. ಎಣ್ಣೆ ಕೂಡಿದ ಕುಂಕುಮ ಮೊಂಡು ಇರುತ್ತದೆ, ಇನ್ನೊಂದು ರಾತ್ರಿ ನೆನೆಸಿದರೆ ಬಿಡುತ್ತದೆ. ಆಮೇಲೆ ಮೆತ್ತನೆ ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ. ಒರೆಸಬೇಡಿ, ಒತ್ತಿ. ಓದಲು ಆಗದ ಅಕ್ಷರ ಇದ್ದರೆ ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಬದಿಯಿಂದ ಮಲಗಿಸಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೆರೆಗಳು ನೆರಳಿನಲ್ಲಿ ಎದ್ದು ಬರುತ್ತವೆ. ಫೋಟೊವನ್ನೂ ಹಾಗೆಯೇ ತೆಗೆಯಿರಿ.

ಇಡುವಾಗ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಪಾಕೀಟು ಬೇಡ. ಪಿವಿಸಿ ಇದ್ದರೆ ಕೆಲವು ವರ್ಷಕ್ಕೆ ಹಸಿರು ಜಿಗುಟು ಬಿಡುತ್ತದೆ. ನಾಣ್ಯಕ್ಕೆ ಅಂತಲೇ ಗಟ್ಟಿ ಕ್ಯಾಪ್ಸೂಲ್ ಸಿಗುತ್ತದೆ, ಕಡಿಮೆ ಬೆಲೆಯದೇ.

ಲಾರಿ_ವಿಜಯಪುರ:

1959 ಮತ್ತು ಎರಡು ತೊಲ. ಸೊಗಸಾಗಿ ಕೂತಿತು! ಹಾಗಾದರೆ ಬೆಲೆ ಮಾತಾಡೋಣ.

ಇಂಥ ಊರಿನ ಪದಕಕ್ಕೆ ಮಾರುಕಟ್ಟೆ ದರ ಅಂತ ಒಂದಿಲ್ಲ. ಬೆಳ್ಳಿ ಬೆಲೆ ಅದರ ನೆಲ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಮೇಲೆ ಎಷ್ಟು ಅನ್ನೋದು ಯಾರಿಗೆ ಬೇಕು ಅನ್ನುವುದರ ಮೇಲೆ. ಬೆಂಗಳೂರಿನ ದೊಡ್ಡ ಸಂಗ್ರಾಹಕನಿಗೆ ಬೇಡವಾಗಬಹುದು. ಸಹಕಾರಿ ಚಳವಳಿಯ ವಸ್ತು ಕೂಡಿಡುವವನಿಗೆ, ಅಥವಾ ಆ ಸಂಘದ ಹಳೆ ಅಧ್ಯಕ್ಷರ ಮನೆಯವರಿಗೆ ಬೇಕೇ ಬೇಕಾಗಬಹುದು. ಭಾರತದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದು ಶುರುವಾದದ್ದೇ ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಹಾಗಾಗಿ ಈ ವಿಷಯದಲ್ಲಿ ಆಸಕ್ತಿ ಇರುವವರು ನಮ್ಮ ಭಾಗದಲ್ಲಿ ಇದ್ದಾರೆ. ನನ್ನನ್ನು ಕೇಳಿದರೆ ಬೆಳ್ಳಿ ಬೆಲೆಯ ಮೇಲೆ ಅರ್ಧದಷ್ಟು ಜಾಸ್ತಿ ಕೇಳಬಹುದು, ವರದಿ ಪುಸ್ತಕದ ಪುಟ ಸಿಕ್ಕರೆ ಎರಡು ಪಟ್ಟು. ಹತ್ತು ಪಟ್ಟು ಅಂತ ಯಾರಾದರೂ ಹೇಳಿದರೆ ನಗಬೇಕು.

ಬೆಲೆ ಹುಡುಕುವಾಗ ಆನ್‌ಲೈನ್‌ನಲ್ಲಿ ಜನ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಬೆಂಗಳೂರು, ಮುಂಬಯಿಯ ನಾಣ್ಯ ಹರಾಜಿನವರು ಹಳೆಯ ಹರಾಜಿನ ಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ಇಡುತ್ತಾರೆ. ಅಲ್ಲಿ ಕಾಣುವ ಬೆಲೆಯಲ್ಲೂ ಅವರ ಕಮಿಷನ್ ಕಳೆದು ನಿಮಗೆ ಸಿಗುವುದು ಅಂತ ನೆನಪಿರಲಿ. ಹೊರದೇಶದವನಿಗೆ ಮಾರುವ ಯೋಚನೆ ಇದ್ದರೆ ಒಂದು ಕಾಯಿದೆ ಇದೆ. ನೂರು ವರ್ಷ ದಾಟಿದ ನಾಣ್ಯ, ಕಲಾವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಡಬ್ಬಿಯಲ್ಲಿ ಅಂಥದ್ದು ಇಲ್ಲ, ಓದುವ ಬೇರೆಯವರಿಗೆ ಅಂತ ಹೇಳಿದೆ.

ಪಾಲಿನ ಲೆಕ್ಕಕ್ಕೆ ನನ್ನ ಸಲಹೆ: ಆರು ಸ್ಟರ್ಲಿಂಗ್ ಪದಕ ಮತ್ತು ಗಾಂಧೀಜಿ ತೂಕದ ಮಾಲು, ಅದನ್ನು ಮಾರಿ ಅಥವಾ ಹಾಗೇ ಹಂಚಿಕೊಳ್ಳಿ. ಎತ್ತಿನ ಜೋಡಿ ಯಾರಿಗೆ ಬೇಕೋ ಅವರು ಅದರ ಬೆಳ್ಳಿ ಬೆಲೆಯನ್ನು ಉಳಿದವರಿಗೆ ಕೊಟ್ಟು ಇಟ್ಟುಕೊಳ್ಳಲಿ.

ಸರಾಫಗಲ್ಲಿ_ಶಹಾಪುರ:

ಮಾರುವ ದಿನ ಬೆಳಿಗ್ಗೆ ದರ ನೋಡಿಕೊಂಡೇ ಹೋಗಿ, ಚೀಟಿಯಲ್ಲಿ ತೂಕ, ಟಂಚ್, ದರ, ಕಡಿತ ನಾಲ್ಕನ್ನೂ ಬೇರೆ ಬೇರೆ ಬರೆಸಿ. ಬರೆಯಲು ಒಪ್ಪದಿದ್ದರೆ ಮುಂದಿನ ಅಂಗಡಿ.

ಮಲಪ್ರಭೆ_ಮುಧೋಳ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಂದು ಬೆಳ್ಳಿ ಪದಕ ಇದೆ, ಅಕ್ಷರ ಎಲ್ಲ ದೇವನಾಗರಿ, ಮರಾಠಿ ಇರಬೇಕು. 'ಶಕೆ 1859' ಅಂತ ಇದೆ. ಅಷ್ಟು ಹಳೆಯದಾ?

ಲಾರಿ_ವಿಜಯಪುರ:

ಶಕೆಗೆ 78 ಕೂಡಿಸಿ, 1937 ಆಯಿತು. ಸಂಕ್ರಾಂತಿ, ಶಿವರಾತ್ರಿ ಹೊತ್ತಿನ ಸಮಾರಂಭವಾಗಿದ್ದರೆ 79 ಕೂಡಿಸಬೇಕು, ಶಕೆ ವರ್ಷ ಬದಲಾಗುವುದು ಯುಗಾದಿಗೆ. ಮುಧೋಳ ಆಗ ಮರಾಠಾ ಮನೆತನದ ಘೋರ್ಪಡೆಯವರ ಸಂಸ್ಥಾನ, 1948ರಲ್ಲಿ ಮುಂಬಯಿಗೆ ಸೇರಿತು, ಹಾಗಾಗಿ ದೇವನಾಗರಿ ಇರುವುದು ಸಹಜ. ಸಂಸ್ಥಾನದ್ದೇ ಆಗಿದ್ದರೆ ಕೊಳ್ಳುವವರು ಬೇರೆಯೇ ಇದ್ದಾರೆ. ಹೊಸ ಪ್ರಶ್ನೆಯಾಗಿ ಹಾಕಿ, ಎರಡೂ ಬದಿ ಮತ್ತು ಅಂಚಿನ ಫೋಟೊ, ಒಣ ತೂಕ, ನೀರಿನ ತೂಕ, ಅಡ್ಡಳತೆ ಎಲ್ಲ ಬರೆಯಿರಿ. ಅಲ್ಲಿಯವರೆಗೆ ತೊಳೆಯಬೇಡಿ.